ಸಂದರ್ಶನ ಮುಗಿದ ಮೇಲಿನ ಕಾಗದ



ಇವತ್ತು ನಾನು ಮಾತಾಡಲು ಆಯ್ದುಕೊಂಡ ವಿಷಯ ಕೇಳಿದರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಅಮೆರಿಕದಲ್ಲಿ ವಕೀಲರು ಹತ್ತಾರು, ನೂರಾರು ಮಂದಿ ಸೇರಿ ನಡೆಸುವ ದೊಡ್ಡ ಕಚೇರಿಗಳುಂಟು. ಅವಕ್ಕೆ ಲಾ ಫರ್ಮ್ ಎಂದು ಹೆಸರು. ಅಲ್ಲಿ ಕೆಲಸ ಕೇಳಿಕೊಂಡು ಹೋದ ಹುಡುಗ ಹುಡುಗಿಯರು ಸಂದರ್ಶನ ಮುಗಿಸಿ ಬಂದ ಮೇಲೆ, ತಮ್ಮನ್ನು ಮಾತಾಡಿಸಿದ ವಕೀಲರಿಗೆ ಒಂದು ಕೃತಜ್ಞತೆಯ ಕಾಗದ ಬರೆಯುತ್ತಾರೆ. ಆ ಕಾಗದವೇ ಇವತ್ತಿನ ವಿಷಯ.

ಅಡಿಕೆ ಸುಲಿಯುವ, ಬೀಡಿ ಕಟ್ಟುವ, ವಿಲೇಜ್ ಆಫೀಸಿನ ಮೆಟ್ಟಿಲು ಹತ್ತಿ ಇಳಿಯುವ ಕಾಸರಗೋಡಿನ ನಮಗೂ ನ್ಯೂಯಾರ್ಕಿನ ವಕೀಲರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಉಂಟು. ಅದನ್ನು ನಾನು ತಿಳಿದುಕೊಂಡದ್ದು ಒಂದಲ್ಲ, ಎರಡು ಸಲ ತಪ್ಪು ಬುದ್ಧಿ ಹೇಳಿದ ಮೇಲೆ.

ನನ್ನ ಅಕ್ಕನ ಮೊಮ್ಮಗಳು ಒಬ್ಬಳು ಕಾನೂನು ಓದಿದವಳು. ಊರಿನ ಕನ್ನಡ ಶಾಲೆಯಲ್ಲಿ ಕಲಿತು, ಮಂಗಳೂರಿನಲ್ಲಿ ಪದವಿ ಮುಗಿಸಿ, ವಿದ್ಯಾರ್ಥಿವೇತನವೂ ಬ್ಯಾಂಕ್ ಸಾಲವೂ ಸೇರಿ ನ್ಯೂಯಾರ್ಕಿಗೆ ಹೋದಳು. ಅಲ್ಲಿನವರು ವಕೀಲರಾಗಲು ಸಾಮಾನ್ಯವಾಗಿ ಮೂರು ವರ್ಷದ ಜೆ.ಡಿ. ಎಂಬ ಪದವಿ ಓದುತ್ತಾರೆ. ಬೇರೆ ದೇಶದಲ್ಲಿ ಕಾನೂನು ಕಲಿತು ಬಂದವರಿಗೆ ಒಂದು ವರ್ಷದ ಎಲ್ಎಲ್.ಎಂ. ಉಂಟು. ಇವಳು ಓದಿದ್ದು ಅದನ್ನು. ಇಂಥ ವಿದೇಶಿ ವಿದ್ಯಾರ್ಥಿಗಳಿಗಾಗಿ ಆಗ ಜನವರಿ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಸಂದರ್ಶನದ ಮೇಳ ನಡೆಯುತ್ತಿತ್ತು. 2020ರ ಜನವರಿಯಲ್ಲಿ ಅವಳೂ ಅದಕ್ಕೆ ಹೋಗಿದ್ದಳು.

ಅಲ್ಲಿನ ಕ್ರಮವನ್ನು ಸ್ವಲ್ಪ ಹೇಳುತ್ತೇನೆ. ಮೊದಲನೆಯದು ಇಪ್ಪತ್ತು, ಮೂವತ್ತು ನಿಮಿಷದ ಸಣ್ಣ ಸಂದರ್ಶನ. ಅದರಲ್ಲಿ ಮನಸ್ಸಿಗೆ ಬಂದವರನ್ನು ತಮ್ಮ ಕಚೇರಿಗೇ ಕರೆಸುತ್ತಾರೆ. ಅದಕ್ಕೆ ಕಾಲ್‌ಬ್ಯಾಕ್ ಎಂದು ಹೆಸರು. ಅಲ್ಲಿ ಒಂದೇ ಮೇಜಿನ ಹಿಂದೆ ಐದು ಮಂದಿ ಸಾಲಾಗಿ ಕುಳಿತು ಪ್ರಶ್ನೆ ಹಾಕುವ ಕ್ರಮ ಕಡಿಮೆ. ಒಬ್ಬ ವಕೀಲರ ಕೋಣೆಯಿಂದ ಇನ್ನೊಬ್ಬರ ಕೋಣೆಗೆ ಕರೆದುಕೊಂಡು ಹೋಗುತ್ತಾರೆ. ಒಬ್ಬೊಬ್ಬರೂ ಅರ್ಧ ಗಂಟೆಯಷ್ಟು ಹೊತ್ತು ಮಾತಾಡಿಸುತ್ತಾರೆ. ಕೆಲವು ಕಡೆ ಕಿರಿಯ ವಕೀಲರ ಜೊತೆ ಮಧ್ಯಾಹ್ನದ ಊಟವೂ ಉಂಟು. ಊಟವೂ ಸಂದರ್ಶನವೇ ಎಂದು ಹೋದವರಿಗೆ ಗೊತ್ತಿರಬೇಕು. ಯಾಕೆ ಹೀಗೆಂದರೆ, ಆ ಕಚೇರಿಗಳು ಪಾಲುದಾರಿಕೆಯವು. ಇವತ್ತು ಮಾತಾಡಿಸಿದವರೇ ನಾಳೆ ರಾತ್ರಿ ಹನ್ನೊಂದು ಗಂಟೆಯವರೆಗೆ ಇವರ ಪಕ್ಕದಲ್ಲಿ ಕುಳಿತು ಕೆಲಸ ಮಾಡಬೇಕಾದವರು. ಓದಿನ ಅಂಕ ಕಾಗದದಲ್ಲಿ ಉಂಟು. ಈ ಮನುಷ್ಯನ ಜೊತೆ ದಿನ ಕಳೆಯಲು ಆದೀತೋ ಎಂಬುದನ್ನು ಅವರು ಮಾತಿನಲ್ಲಿ ನೋಡುತ್ತಾರೆ.

ಒಂದು ದಿನ ಬೆಳಿಗ್ಗೆ ಆರೂವರೆಗೆ ನನ್ನ ಫೋನ್ ಬಡಿಯಿತು. ಅವರಲ್ಲಿ ಆಗ ಹಿಂದಿನ ದಿನದ ರಾತ್ರಿ ಎಂಟು ಗಂಟೆ. "ಅಜ್ಜಾ, ನಾಲ್ಕು ಮಂದಿ ಮಾತಾಡಿಸಿದರು. ಈಗ ಅವರಿಗೆ ಥ್ಯಾಂಕ್ಸ್ ಹೇಳಿ ಕಾಗದ ಬರೆಯಬೇಕಂತೆ. ಇ-ಮೇಲಿನಲ್ಲೇ ಸಾಕು. ಆದರೆ ನಾಳೆ ಒಳಗೆ ಹೋಗಬೇಕು. ಏನು ಬರೆಯಲಿ?" ಎಂದು ಕೇಳಿದಳು.

ನನ್ನನ್ನೇ ಯಾಕೆ ಕೇಳಿದಳು ಎಂದರೆ, ಮನೆಯಲ್ಲಿ ಕಾಗದ ಬರೆಯುವವನು ಎಂದು ಹೆಸರಿರುವುದು ನನಗೆ. ಮೂವತ್ತೆಂಟು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು. ಚಲನ್ ತುಂಬಿಸುವುದರಿಂದ ಹಿಡಿದು ಸಾಲದ ಕಂತಿಗೆ ವಾಯಿದೆ ಕೇಳುವ ಕಾಗದದವರೆಗೆ ನಾನು ಜನರಿಗೆ ಬರೆದುಕೊಟ್ಟದ್ದಕ್ಕೆ ಲೆಕ್ಕವಿಲ್ಲ.

ನಾನು ಹೇಳಿದ ಮೊದಲ ತಪ್ಪು ಬುದ್ಧಿ ಇದು: "ಮಗಾ, ಬರೆಯಲೇ ಬೇಡ. ಹೆಸರು ಹೊಡೆದು ಹಾಕಿಯಾರು!"

ನನ್ನ ಮಾತಿಗೆ ಕಾರಣ ಇಲ್ಲದೆ ಇರಲಿಲ್ಲ. ನೀವು ಪಬ್ಲಿಕ್ ಸರ್ವಿಸ್ ಕಮಿಷನ್ನಿನದ್ದೋ, ಸರಕಾರಿ ಬ್ಯಾಂಕುಗಳದ್ದೋ ನೇಮಕಾತಿ ಜಾಹೀರಾತು ಓದಿದ್ದರೆ ಕೊನೆಗೆ ಒಂದು ಸಾಲು ನೋಡಿರುತ್ತೀರಿ. ಯಾವುದೇ ರೀತಿಯ ಕ್ಯಾನ್ವಾಸಿಂಗ್ ಮಾಡಿದರೆ ಅಭ್ಯರ್ಥಿ ಅನರ್ಹ ಎಂದು ಅದರಲ್ಲಿ ಇರುತ್ತದೆ. ಕ್ಯಾನ್ವಾಸಿಂಗ್ ಎಂದರೆ ವಶೀಲಿ, ಶಿಫಾರಸು, ಒತ್ತಡ. ನಮ್ಮಲ್ಲಿ ಸಂದರ್ಶನ ಮಾಡಿದ ಅಧಿಕಾರಿಗೆ ಆಮೇಲೆ ಕಾಗದ ಬರೆದರೆ ಅದಕ್ಕೆ ಆ ಬಣ್ಣವೇ ಬಂದೀತು. ನಾನು 1981ರಲ್ಲಿ ಎಸ್ಸೆಸ್ಸೆಲ್ಸಿಯ ಬಲದಲ್ಲಿ ಬ್ಯಾಂಕಿಗೆ ಸೇರುವಾಗಲೂ ಆ ಸಾಲು ನನ್ನ ತಲೆಯಲ್ಲಿ ಕೂತಿತ್ತು. ಇಲ್ಲಿನ ಸರಕಾರಿ ಕೆಲಸದ ಮಟ್ಟಿಗೆ ಅದು ಈಗಲೂ ಸರಿಯಾದ ಬುದ್ಧಿ. ಹಾಗಾಗಿ ಕೇಳುಗರೇ, ಈ ಭಾಷಣ ಕೇಳಿ ನಿಮ್ಮ ಮಗ ಪಿ.ಎಸ್.ಸಿ. ಸದಸ್ಯರಿಗೆ ಕಾಗದ ಹಾಕುವಂತೆ ಆಗಬಾರದು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆದರೆ ಅವಳು ಹೇಳಿದಳು: "ಅಜ್ಜಾ, ಇದು ಸರಕಾರಿ ಕೆಲಸ ಅಲ್ಲ. ಇಲ್ಲಿ ಇದು ಮರ್ಯಾದೆ. ಒಬ್ಬರ ಮನೆಗೆ ಊಟಕ್ಕೆ ಹೋಗಿ ಬಂದ ಮೇಲೆ ಹೇಳುವ ಮಾತಿನ ಹಾಗೆ." ಅದು ಸರಿ. ಅಮೆರಿಕದವರಿಗೆ ಈ ಅಭ್ಯಾಸ ಹಳೆಯದು. ಎಮಿಲಿ ಪೋಸ್ಟ್ ಎಂಬವರು ನಡೆನುಡಿಯ ಮರ್ಯಾದೆಗಳ ಬಗ್ಗೆ 1922ರಲ್ಲಿ ಬರೆದ ಒಂದು ದಪ್ಪ ಪುಸ್ತಕ ಅಲ್ಲಿ ಮನೆಮನೆಯ ಮಾತಾಗಿತ್ತು. ಉಡುಗೊರೆ ಬಂದರೆ, ಒಬ್ಬರ ಮನೆಯಲ್ಲಿ ಎರಡು ದಿನ ಉಳಿದರೆ, ಕಾಗದ ಬರೆಯುವುದು ಅವರಲ್ಲಿ ಮಕ್ಕಳಿಗೂ ಕಲಿಸುವ ಪಾಠ. ಅದೇ ಪದ್ಧತಿ ಕೆಲಸದ ಸಂದರ್ಶನಕ್ಕೂ ಬಂದಿದೆ.

ಸರಿ, ಮರ್ಯಾದೆ ಎಂದಾದರೆ ನನಗೆ ಗೊತ್ತಿಲ್ಲವೇ ಎಂದುಕೊಂಡು ನಾನೇ ಒಂದು ಕರಡು ತಯಾರು ಮಾಡಿ ಕಳುಹಿಸಿದೆ. ಇಂಗ್ಲಿಷಿನಲ್ಲಿ ಬರೆದದ್ದು. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು:

"ಮಾನ್ಯರೇ, ತಮ್ಮ ಸನ್ನಿಧಿಯಲ್ಲಿ ಸವಿನಯ ವಿಜ್ಞಾಪನೆ ಏನೆಂದರೆ, ನಾನು ಗಡಿನಾಡಿನ ಹಿಂದುಳಿದ ಪ್ರದೇಶದ ಬಡ ಕೃಷಿಕ ಕುಟುಂಬದಿಂದ ಬಂದವಳು. ತಮ್ಮ ಅಮೂಲ್ಯವಾದ ಸಮಯವನ್ನು ನನ್ನಂಥವಳಿಗೆ ನೀಡಿದ್ದಕ್ಕೆ ಚಿರಋಣಿಯಾಗಿದ್ದೇನೆ. ನನ್ನ ಪರಿಸ್ಥಿತಿಯನ್ನು ದಯಾಪೂರ್ವಕವಾಗಿ ಪರಿಗಣಿಸಿ, ಕೆಲಸ ಕರುಣಿಸಬೇಕಾಗಿ ಬೇಡಿಕೊಳ್ಳುತ್ತೇನೆ."

ನನಗೆ ಅದು ಚೆನ್ನಾಗಿಯೇ ಕಂಡಿತ್ತು. ಅವಳು ಓದಿದಳು. ಸ್ವಲ್ಪ ಹೊತ್ತು ಫೋನಿನಲ್ಲಿ ಮಾತಿಲ್ಲ. ಆಮೇಲೆ ಹೇಳಿದಳು: "ಅಜ್ಜಾ, ಬೇಸರ ಮಾಡಬೇಡಿ. ನಾನು ಅವರ ಎದುರು ಕುರ್ಚಿಯಲ್ಲಿ ಕುಳಿತು ಸರಿಸಮವಾಗಿ ಮಾತಾಡಿ ಬಂದೆ. ನೀವು ಈ ಕಾಗದದಲ್ಲಿ ನನ್ನನ್ನು ನೆಲದಲ್ಲಿ ಕೂರಿಸಿದ್ದೀರಿ."

ಆ ಮಾತು ನನಗೆ ನಾಟಿತು. ಆ ದಿನ ಪೂರ್ತಿ ತಲೆಯಲ್ಲಿ ಅದೇ ಇತ್ತು. ನನ್ನಿಂದ ಯಾಕೆ ಹಾಗೆ ಬರೆಯಲು ಬಂತು ಎಂದು ಯೋಚಿಸಿದೆ.

ಬಂಧುಗಳೇ, ನೀವೂ ಯೋಚಿಸಿ ನೋಡಿ. ನಾವು ಗಡಿಯ ಜನ ಹುಟ್ಟಿದಂದಿನಿಂದ ಬರೆಯುವುದು ಯಾವ ಕಾಗದ? ಅರ್ಜಿ. ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಕೊಡಿ ಎಂದು ಅರ್ಜಿ. ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರನ್ನು ಕಳುಹಿಸಿ ಎಂದು ಅರ್ಜಿ. ಬಸ್ಸಿನ ಬೋರ್ಡಿನಲ್ಲಿ ಕನ್ನಡ ಬರೆಯಿಸಿ ಎಂದು ಅರ್ಜಿ. 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿದ ಮೇಲೆ ಮೂರು ತಲೆಮಾರು ಅರ್ಜಿ ಬರೆದಿವೆ. ಬರೆಯಲೇಬೇಕಿತ್ತು, ಬರೆದದ್ದು ತಪ್ಪಲ್ಲ. ಆದರೆ ಅಷ್ಟೂ ವರ್ಷ ಒಂದೇ ಸ್ವರದಲ್ಲಿ ಬರೆದು ಬರೆದು, ಬೇರೆ ಸ್ವರ ನಮ್ಮ ಪೆನ್ನಿನಿಂದ ಹೊರಡುವುದೇ ಇಲ್ಲ. ಮಲಯಾಳದಲ್ಲಿ ಅರ್ಜಿಗೆ ಅಪೇಕ್ಷ ಎನ್ನುತ್ತಾರೆ. ನಮ್ಮಲ್ಲಿ ಅಪೇಕ್ಷೆ ಎಂದರೆ ಆಸೆ. ನಾನು ಬರೆದ ಕಾಗದದಲ್ಲಿ ಎರಡೂ ಅರ್ಥದ ಅಪೇಕ್ಷೆ ತುಂಬಿತ್ತು. ಇಲ್ಲದ್ದು ಒಂದೇ, ಕೃತಜ್ಞತೆ.

ಮಾರನೆಯ ದಿನ ಅವಳು ತಾನೇ ಬರೆದು ಕಳುಹಿಸಿದ ಕಾಗದವನ್ನು ನನಗೆ ಓದಿ ಹೇಳಿದಳು. ಅದನ್ನು ತಿಳಿಸುವ ಮೊದಲು ಆ ಸಂದರ್ಶನದಲ್ಲಿ ನಡೆದ ಒಂದು ಮಾತುಕತೆಯನ್ನು ಹೇಳಬೇಕು.

ನಾಲ್ವರಲ್ಲಿ ಒಬ್ಬರು ಹಿರಿಯ ವಕೀಲೆ. ಅವರು ಕೇಳಿದ್ದು: "ನಿಮಗೆ ಮೂರು ನಾಲ್ಕು ಭಾಷೆ ಬರುತ್ತದೆ ಎಂದು ಬರೆದಿದ್ದೀರಿ. ಅದರಿಂದ ವಕೀಲರ ಕೆಲಸಕ್ಕೆ ಏನು ಉಪಯೋಗ?" ಇವಳು ಮನೆಯ ಉದಾಹರಣೆಯನ್ನೇ ಕೊಟ್ಟಳಂತೆ. ನನ್ನ ಅಕ್ಕನ ಮನೆಯ ಟ್ರಂಕಿನಲ್ಲಿ ಹಳೆ ಮದ್ರಾಸ್ ಕಾಲದ ಕನ್ನಡದ ಮೂಲಗೇಣಿ ಪತ್ರ ಒಂದು ಉಂಟು. ಆಮೇಲಿನ ಕಾಗದಗಳೆಲ್ಲ ಮಲಯಾಳದಲ್ಲಿ. ನಮ್ಮ ಹಳಬರಿಗೆ ಗೊತ್ತು, ಮೂಲಗೇಣಿ ಎಂದರೆ ಶಾಶ್ವತ ಗೇಣಿ. ಚಾಲಗೇಣಿ ಎಂದರೆ ಧಣಿ ಬೇಡ ಎಂದರೆ ಬಿಟ್ಟು ಏಳಬೇಕಾದ ಗೇಣಿ. ಇವೆರಡನ್ನೂ ಮಲಯಾಳದಲ್ಲಿ ಬರಿದೇ ಪಾಟ್ಟಂ ಎಂದು ಬರೆದುಬಿಟ್ಟರೆ ಭೂಮಿಯ ಮೇಲಿನ ಹಕ್ಕಿನ ವ್ಯತ್ಯಾಸವೇ ಅಳಿಸಿಹೋಗುತ್ತದೆ. "ಭಾಷಾಂತರದಲ್ಲಿ ಒಂದು ಶಬ್ದ ಹೋದರೆ ಮನೆಯವರ ಜಾಗವೇ ಹೋದೀತು ಎಂಬುದನ್ನು ನಾನು ಕಾಲೇಜಿಗೆ ಹೋಗುವ ಮೊದಲೇ ಮನೆಯಲ್ಲಿ ಕಲಿತಿದ್ದೆ" ಎಂದು ಇವಳು ಹೇಳಿದಳು.

ಆ ವಕೀಲೆಗೆ ಅದು ಬಹಳ ಹಿಡಿಸಿತಂತೆ. ಅವರು ಇವಳಿಗೆ ತಿರುಗಿ ಒಂದು ಸಂಗತಿ ವಿವರಿಸಿದರು. ಎರಡು ದೇಶಗಳ ಕಂಪೆನಿಗಳು ಎರಡು ಭಾಷೆಯಲ್ಲಿ ಕರಾರು ಮಾಡಿಕೊಳ್ಳುವಾಗ, ಎರಡರ ನಡುವೆ ವ್ಯತ್ಯಾಸ ಕಂಡುಬಂದರೆ ಯಾವ ಭಾಷೆಯ ಪ್ರತಿ ಊರ್ಜಿತ ಎಂದು ಒಂದು ಕಲಮು ಬರೆಯುತ್ತಾರೆ. ಆ ಒಂದು ಸಾಲಿನ ಮೇಲೆ ಎಷ್ಟೋ ವ್ಯಾಜ್ಯ ನಿಲ್ಲುತ್ತದೆ. ಹೀಗೆ ಅರ್ಧ ಗಂಟೆ ಕಳೆದದ್ದೇ ತಿಳಿಯಲಿಲ್ಲವಂತೆ.

ಇನ್ನು ಕಾಗದ. ಅವಳು ಬರೆದದ್ದರ ಸಾರಾಂಶ ಇಷ್ಟೇ:

"ಇವತ್ತು ಮಧ್ಯಾಹ್ನ ನನ್ನ ಜೊತೆ ಮಾತಾಡಿದ್ದಕ್ಕೆ ಧನ್ಯವಾದ. ಎರಡು ಭಾಷೆಯ ಕರಾರುಗಳಲ್ಲಿ ಯಾವುದು ಊರ್ಜಿತ ಎಂಬ ಕಲಮಿನ ಬಗ್ಗೆ ನೀವು ಹೇಳಿದ್ದನ್ನು ಹಾಸ್ಟೆಲಿಗೆ ಬಂದು ಮತ್ತೆ ಓದಿ ನೋಡಿದೆ. ನಮ್ಮ ಮನೆಯ ಹಳೆ ಪತ್ರವನ್ನು ಇನ್ನು ಮುಂದೆ ಬೇರೆ ಕಣ್ಣಿನಿಂದ ನೋಡುತ್ತೇನೆ. ಇಂಥ ಕೆಲಸವನ್ನು ನಿಮ್ಮ ಕಚೇರಿಯಲ್ಲಿ ಕಲಿಯುವ ಅವಕಾಶ ಸಿಕ್ಕಿದರೆ ನನಗೆ ಸಂತೋಷ."

ನಾಲ್ಕು ವಾಕ್ಯ. ಬೇಡಿಕೆ ಇಲ್ಲ, ಬಡತನ ಇಲ್ಲ, ಹೊಗಳಿಕೆ ಇಲ್ಲ. ಕೆಲಸದ ಆಸೆಯನ್ನು ಮುಚ್ಚಿಟ್ಟಿಲ್ಲ, ಹಾಗೆಂದು ಅದಕ್ಕಾಗಿ ಕೈ ಚಾಚಿದ್ದೂ ಇಲ್ಲ. ಅವರು ಏನು ಕೊಟ್ಟರು, ಅದು ಇವಳಿಗೆ ಹೇಗೆ ಮುಟ್ಟಿತು, ಅಷ್ಟು ಮಾತ್ರ ಉಂಟು. ಅಷ್ಟು ವರ್ಷ ಕಾಗದ ಬರೆದ ನನಗೆ ಇಂಥ ಕಾಗದ ಬರೆಯಲು ಗೊತ್ತಿರಲಿಲ್ಲ.

ಉಳಿದ ಮೂವರಿಗೂ ಬೇರೆ ಬೇರೆ ಬರೆದಿದ್ದಳು. ಒಂದೇ ಕಾಗದಕ್ಕೆ ನಾಲ್ಕು ಹೆಸರು ಹಾಕಿ ಕಳುಹಿಸಬಾರದು. ಯಾಕೆಂದರೆ ಆ ವಕೀಲರು ಒಬ್ಬರಿಗೊಬ್ಬರು ತೋರಿಸಿಕೊಂಡರೆ, ನಾಲ್ಕೂ ಒಂದೇ ಅಚ್ಚಿನದು ಎಂದು ತಿಳಿದುಬಿಡುತ್ತದೆ. ಮದುವೆ ಕಾಗದದ ಹಾಗೆ ಆದೀತು. ಹೆಸರಿನ ಅಕ್ಷರವನ್ನು ಎರಡು ಸಲ ನೋಡಬೇಕು. ಅಮೆರಿಕದ ಬಹಳಷ್ಟು ಲಾ ಫರ್ಮುಗಳಿಗೆ ಸ್ಥಾಪಕರ ಮನೆತನದ ಹೆಸರೇ ಹೆಸರು. ಎರಡು ಮೂರು ಹೆಸರು ಜೋಡಿಸಿದ್ದು ಇರುತ್ತದೆ. ಒಂದು ಕಚೇರಿಗೆ ಬರೆದ ಕಾಗದವನ್ನು ನಕಲು ಮಾಡಿ ಇನ್ನೊಂದಕ್ಕೆ ಕಳುಹಿಸುವಾಗ ಹಳೆ ಕಚೇರಿಯ ಹೆಸರು ಒಳಗೆ ಉಳಿದುಹೋದರೆ ಅಲ್ಲಿಗೆ ಮುಗಿಯಿತು. ವಕೀಲರ ದುಡಿಮೆಯೇ ಅಕ್ಷರ ನೋಡುವುದು. ನಾಳೆ ಕಕ್ಷಿಯ ಕರಾರಿನಲ್ಲೂ ಈಕೆ ಹೀಗೇ ತಪ್ಪು ಬಿಟ್ಟಾಳು ಎಂದು ಅವರು ಲೆಕ್ಕ ಹಾಕುತ್ತಾರೆ. ಹಾಗಾಗಿ ಈ ಕಾಗದದಿಂದ ಕೆಲಸ ಸಿಗುವುದು ಅಪರೂಪ. ಆದರೆ ಕೆಟ್ಟದಾಗಿ ಬರೆದರೆ ಸಿಗುವ ಕೆಲಸ ತಪ್ಪಲೂಬಹುದು. ಇದು ಬ್ಯಾಂಕಿನಲ್ಲಿ ಕೂತವನಿಗೆ ಕೂಡಲೇ ಅರ್ಥವಾಗುವ ಮಾತು. ಸಾವಿರ ಎಂಟ್ರಿ ಸರಿ ಬರೆದರೂ ಯಾರೂ ಕೇಳುವುದಿಲ್ಲ. ಒಂದು ಸೊನ್ನೆ ಹೆಚ್ಚಾದರೆ ರಾತ್ರಿಯವರೆಗೆ ಕೂರಬೇಕು.

ಈ ವಿಷಯದಲ್ಲಿ ನನಗೆ ತುಂಬ ಹಿಡಿಸಿದ ಒಂದು ಹಳೆಯ ಘಟನೆ ಉಂಟು. ಇದು ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶೆ ಸಾಂಡ್ರಾ ಡೇ ಓಕಾನರ್ ಅವರದು. 1930ರಲ್ಲಿ ಹುಟ್ಟಿದವರು. ಅವರದೂ ಗಡಿಯ ಮನೆ ಎಂದೇ ಹೇಳಬಹುದು. ಅರಿಜೋನಾ ಮತ್ತು ನ್ಯೂ ಮೆಕ್ಸಿಕೊ ಎಂಬ ಎರಡು ರಾಜ್ಯಗಳ ಗಡಿಯ ಮೇಲೆ ಹಬ್ಬಿದ ದನ ಸಾಕುವ ದೊಡ್ಡ ಜಾಗದಲ್ಲಿ ಬೆಳೆದವರು. ಶಾಲೆಗಾಗಿ ದೂರದ ಊರಿನ ಅಜ್ಜಿ ಮನೆಯಲ್ಲಿ ಇದ್ದವರು. 1952ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಬಹಳ ಒಳ್ಳೆಯ ದರ್ಜೆಯಲ್ಲಿ ಕಾನೂನು ಪದವಿ ಪಡೆದರು. ಆದರೆ ಯಾವ ಲಾ ಫರ್ಮೂ ಅವರನ್ನು ವಕೀಲೆಯಾಗಿ ತೆಗೆದುಕೊಳ್ಳಲಿಲ್ಲ, ಹೆಂಗಸು ಎಂಬ ಒಂದೇ ಕಾರಣಕ್ಕೆ. ಒಂದು ಕಡೆ ಟೈಪಿಂಗ್ ಚೆನ್ನಾಗಿ ಬರುತ್ತದೆಯೋ ಎಂದು ಕೇಳಿದರಂತೆ, ಸೆಕ್ರೆಟರಿ ಕೆಲಸ ಬೇಕಾದರೆ ನೋಡೋಣ ಎಂದು.

ಆಗ ಅವರು ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊ ಎಂಬ ಕೌಂಟಿಯ ಸರಕಾರಿ ವಕೀಲರನ್ನು ಹೋಗಿ ಕಂಡರು. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಆ ವಕೀಲರು ಮರ್ಯಾದೆಯಿಂದಲೇ ಮಾತಾಡಿದರು. ಆದರೆ ಸಂಬಳ ಕೊಡಲು ಹಣ ಇಲ್ಲ, ಕೂರಿಸಲು ಕೋಣೆಯೂ ಇಲ್ಲ ಎಂದರು. ಮನೆಗೆ ಬಂದು ಓಕಾನರ್ ಅವರಿಗೆ ಒಂದು ಕಾಗದ ಬರೆದರು. ಹಣ ಬರುವ ತನಕ ಸಂಬಳ ಇಲ್ಲದೆ ದುಡಿಯಲು ಸಿದ್ಧ ಎಂದರು. ಕೋಣೆ ಇಲ್ಲ ಎಂದಿರಲ್ಲ, ನಿಮ್ಮ ಸೆಕ್ರೆಟರಿಯವರ ಕೋಣೆಯಲ್ಲಿ ಇನ್ನೊಂದು ಮೇಜಿಗೆ ಜಾಗ ಇರುವುದನ್ನು ನಾನು ನೋಡಿದ್ದೇನೆ, ಅವರ ಅಡ್ಡಿ ಇಲ್ಲದಿದ್ದರೆ ಅಲ್ಲಿ ಕೂರುತ್ತೇನೆ ಎಂಬ ಅರ್ಥದಲ್ಲಿ ಬರೆದರು. ಕೆಲಸ ಸಿಕ್ಕಿತು. ಹಾಗೆ ಒಂದು ಬದಿಯ ಮೇಜಿನಿಂದ ಹೊರಟವರು 1981ರಲ್ಲಿ ಸುಪ್ರೀಂ ಕೋರ್ಟಿನ ಪೀಠಕ್ಕೆ ಏರಿದರು. 2023ರ ಡಿಸೆಂಬರಿನಲ್ಲಿ ತೀರಿಕೊಂಡರು.

ಈ ಕಥೆ ಹೇಳಿದ್ದು ನಿಮ್ಮ ಮಕ್ಕಳು ಸಂಬಳ ಇಲ್ಲದೆ ದುಡಿಯಲಿ ಎಂದು ಅಲ್ಲ. ಅದು ಆ ಕಾಲದ ಅನ್ಯಾಯ. ಅದು ಮತ್ತೆ ಬರುವುದು ಬೇಡ. ನಾನು ಗಮನಿಸಿದ್ದು ಬೇರೆ. ಆಕೆ ಆ ಕಚೇರಿಗೆ ಹೋದಾಗ ತನ್ನ ಕಷ್ಟವನ್ನು ಮಾತ್ರ ನೋಡುತ್ತಾ ಕೂರಲಿಲ್ಲ. ಎದುರಿನವರ ಮಾತು ಕೇಳಿದರು, ಕೋಣೆ ನೋಡಿದರು, ಸೆಕ್ರೆಟರಿಯನ್ನೂ ಒಬ್ಬ ಮನುಷ್ಯಳು ಎಂದು ಲೆಕ್ಕಕ್ಕೆ ತೆಗೆದುಕೊಂಡರು. ಕಾಗದದಲ್ಲಿ ಬಂದದ್ದು ಆ ಗಮನ. ನನ್ನ ಕರಡಿನಲ್ಲಿ ಅದು ಒಂದು ಚಮಚವೂ ಇರಲಿಲ್ಲ. ಅದನ್ನು ಯಾರಿಗೆ ಬೇಕಾದರೂ ಕಳುಹಿಸಬಹುದಿತ್ತು, ಅಮೆರಿಕದ ವಕೀಲರಿಗೂ ಸರಿ, ನಮ್ಮ ಕೃಷಿ ಭವನಕ್ಕೂ ಸರಿ.

ಇನ್ನೊಂದು ಮಾತು. ನಮ್ಮಲ್ಲಿ ಉಪಕಾರ ಸ್ಮರಣೆ ಇಲ್ಲ ಎಂದು ಯಾರೂ ಹೇಳಲಾರರು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಕಡಿಮೆ. ಹತ್ತಿರದವರಿಗೆ ಧನ್ಯವಾದ ಎಂದರೆ ಅವರನ್ನು ದೂರ ಮಾಡಿದ ಹಾಗೆ ಎಂದು ನಮಗೆ ತೋರುತ್ತದೆ. ಹೆಚ್ಚೆಂದರೆ "ಉಪಕಾರ ಆಯಿತು" ಎನ್ನುತ್ತೇವೆ. ತುಳುವಿನಲ್ಲಿ ಸೊಲ್ಮೆಲು ಎನ್ನುತ್ತಾರೆ. ಮಲಯಾಳದವರು ಹೇಳುವ ಶಬ್ದವನ್ನು ಕನ್ನಡದಲ್ಲಿ ಬರೆದರೆ ನಂದಿ ಎಂದಾಗಿ, ಚಿಕ್ಕಂದಿನಲ್ಲಿ ನಮಗೆ ದೇವಸ್ಥಾನದ ಎದುರಿನ ಬಸವನೇ ನೆನಪಾಗುತ್ತಿದ್ದ. ಆದರೆ ಅವರ ಬಾಯಲ್ಲಿ ಅದು ನನ್ನಿ ಎಂದೇ ಕೇಳುತ್ತದೆ. ಹಳಗನ್ನಡದಲ್ಲಿ ನನ್ನಿ ಎಂದರೆ ಸತ್ಯ ಎಂದು ನಮಗೆ ಪಾಠ ಮಾಡಿದ್ದರು. ಎರಡು ಭಾಷೆ ಗೊತ್ತಿರುವವನಿಗೆ ಸಿಗುವ ಲಾಭ ಇದು. ಕೃತಜ್ಞತೆಯ ಕಾಗದಕ್ಕೆ ಬೇಕಾದ್ದೂ ಇದೇ. ನಡೆದ ಸತ್ಯವನ್ನು ಬರೆದರೆ ಸಾಕು, ಕೃತಜ್ಞತೆ ಅದರೊಳಗೇ ಬರುತ್ತದೆ.

ಈಗ ನಿಮ್ಮ ಮಕ್ಕಳಿಗೆ ಉಪಯೋಗ ಆಗುವಂತೆ ಕೆಲವು ಮಾತನ್ನು ಒಟ್ಟು ಮಾಡಿ ಹೇಳುತ್ತೇನೆ. ಬೆಂಗಳೂರು, ಕೊಚ್ಚಿ, ಗಲ್ಫ್ ಎಂದು ಖಾಸಗಿ ಕಂಪೆನಿಗಳ ಸಂದರ್ಶನಕ್ಕೆ ಹೋಗುವವರು ಈಗ ಪ್ರತಿ ಮನೆಯಲ್ಲೂ ಇದ್ದಾರೆ. ಅವರಿಗೂ ಇದು ಅನ್ವಯಿಸುತ್ತದೆ.

ಮೊದಲನೆಯದಾಗಿ, ಸರಕಾರಿ ನೇಮಕಾತಿಗೆ ಇದು ಬೇಡ. ಖಾಸಗಿ ಕಚೇರಿಗೆ ಮಾತ್ರ.

ಎರಡನೆಯದಾಗಿ, ಅದೇ ದಿನ ಅಥವಾ ಮಾರನೆಯ ದಿನ ಬರೆಯಬೇಕು. ಕೈಬರಹದ ಕಾಗದ ಚೆಂದ, ಆದರೆ ಅದು ತಲಪುವಾಗ ತೀರ್ಮಾನ ಆಗಿ ಹೋಗಿರುತ್ತದೆ. ಇ-ಮೇಲ್ ಸಾಕು.

ಮೂರನೆಯದಾಗಿ, ಹೊರಗೆ ಬಂದ ಕೂಡಲೇ ಬಸ್ಸಿನಲ್ಲೋ ಹೋಟೆಲಿನಲ್ಲೋ ಕುಳಿತು, ಯಾರು ಏನು ಮಾತಾಡಿದರು ಎಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಬೇಕು. ಸಂಜೆಗೆ ಎಲ್ಲ ಮುಖವೂ ಒಂದೇ ಆಗಿ ಕಾಣುತ್ತದೆ.

ನಾಲ್ಕನೆಯದಾಗಿ, ನಾಲ್ಕೈದು ವಾಕ್ಯ ಮೀರಬಾರದು. ಅದರಲ್ಲಿ ಒಂದು ವಾಕ್ಯವಾದರೂ ಆ ಮನುಷ್ಯರಿಗೆ ಮಾತ್ರ ಬರೆಯಬಹುದಾದ ವಾಕ್ಯ ಆಗಿರಬೇಕು. ಕೆಲಸ ಆಯಿತೋ, ಸಂಬಳ ಎಷ್ಟು ಎಂದು ಅದರಲ್ಲಿ ಕೇಳಬಾರದು. ಎದುರಿಗೆ ಕೂತದ್ದು ಹೆಂಗಸಾದರೆ ಅಭ್ಯಾಸದಿಂದ ಸರ್ ಎಂದು ಬರೆದುಬಿಡಬಾರದು. ಆಗದ ಮಾತನ್ನು ಆಯಿತು ಎಂದು ಹೇಳಬಾರದು.

ಐದನೆಯದಾಗಿ, ಸಂದರ್ಶನದ ಸಮಯ ಗೊತ್ತುಮಾಡಿ, ಕೋಣೆಯಿಂದ ಕೋಣೆಗೆ ಕರೆದುಕೊಂಡು ಹೋದ ಗುಮಾಸ್ತರಿಗೂ ಒಂದು ಸಾಲು ಬರೆಯಬೇಕು. ಗುಮಾಸ್ತನಾಗಿದ್ದವನು ಹೇಳುತ್ತಿದ್ದೇನೆ, ಅವರಿಗೆ ಬರೆಯುವವರು ತುಂಬ ಕಡಿಮೆ.

ಇನ್ನು ಆ ಹುಡುಗಿಗೆ ಏನಾಯಿತು ಎಂದು ನೀವು ಕಾಯುತ್ತಿರಬಹುದು. ಆ ಕಚೇರಿಯಲ್ಲಿ ಅವಳಿಗೆ ಕೆಲಸ ಸಿಗಲಿಲ್ಲ. ಎರಡು ವಾರದಲ್ಲಿ "ವಿಷಾದಿಸುತ್ತೇವೆ" ಎಂಬ ಉತ್ತರ ಬಂತು. ಆ ಉತ್ತರಕ್ಕೂ ಅವಳು ಎರಡು ಸಾಲಿನ ಕಾಗದ ಬರೆದಳು. ತಿಳಿಸಿದ್ದಕ್ಕೆ ಧನ್ಯವಾದ, ಆ ದಿನದ ಮಾತುಕತೆ ನೆನಪಿನಲ್ಲಿ ಇರುತ್ತದೆ ಎಂದು. ನನಗೆ ಕೇಳಿ ಆಶ್ಚರ್ಯವಾಯಿತು. ಕೊಡದವರಿಗೂ ಬರೆಯುವುದೇ? ನನ್ನ ಅರ್ಜಿಗಳ ಪ್ರಪಂಚದಲ್ಲಿ ಅಂಥದ್ದು ಒಂದೂ ಇರಲಿಲ್ಲ. ಅರ್ಜಿ ತಿರಸ್ಕಾರವಾದರೆ ನಾವು ಮಾಡುವುದು ಇನ್ನೊಂದು ಅರ್ಜಿ.

ಆಮೇಲೆ ಮಾರ್ಚಿನಲ್ಲಿ ಕೊರೋನಾ ಬಂತು. ಇಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೋಗುವ ದಾರಿ ಇಲ್ಲದೆ ನಾವು ಕಂಗಾಲಾಗಿದ್ದ ದಿನಗಳನ್ನು ನೀವು ಮರೆತಿರಲಾರಿರಿ. ಅಲ್ಲಿ ನ್ಯೂಯಾರ್ಕಿನಲ್ಲಿ ಅವಳು ಹಾಸ್ಟೆಲಿನ ಕೋಣೆಯಲ್ಲಿ ಒಬ್ಬಳೇ ಇದ್ದಳು. ಅಕ್ಕನಿಗೆ ರಾತ್ರಿ ನಿದ್ರೆ ಇಲ್ಲ. ಏಪ್ರಿಲ್ ತಿಂಗಳಲ್ಲಿ ಒಂದು ದಿನ ಅವಳು ಫೋನ್ ಮಾಡಿ ಹೇಳಿದಳು: "ಅಜ್ಜಾ, ಆ ವಕೀಲೆ ನನಗೆ ಬರೆದಿದ್ದಾರೆ. ಹೇಗಿದ್ದೀಯಾ, ಊಟಕ್ಕೆ ಸರಿ ಉಂಟೋ, ಏನಾದರೂ ಬೇಕಾದರೆ ತಿಳಿಸು ಎಂದು." ಅವಳು ಅವರಿಂದ ಏನನ್ನೂ ಕೇಳಲಿಲ್ಲ. ಆದರೆ ಅಷ್ಟು ದೊಡ್ಡ ಊರಿನಲ್ಲಿ ತನ್ನನ್ನು ನೆನಪಿಟ್ಟ ಒಬ್ಬರಿದ್ದಾರೆ ಎಂಬ ಧೈರ್ಯ ಆಕೆಯ ದನಿಯಲ್ಲಿ ನನಗೆ ಕೇಳಿತು. ಅಕ್ಕ ಆ ರಾತ್ರಿ ನಿದ್ರೆ ಮಾಡಿದಳು. ಹುಡುಗಿ ಆ ವರ್ಷವೇ ಊರಿಗೆ ಬಂದಳು. ಈಗ ಬೆಂಗಳೂರಿನ ಒಂದು ವಕೀಲರ ಕಚೇರಿಯಲ್ಲಿ ಕರಾರುಗಳ ಕೆಲಸವನ್ನೇ ನೋಡುತ್ತಾಳೆ.

ಕೊನೆಗೆ ನನ್ನದೊಂದು ಸಂಗತಿ. ಇದೆಲ್ಲ ಆದ ಮೇಲೆ ನಾನೂ ಒಂದು ಕಾಗದ ಬರೆದೆ. ನನ್ನ ಎಸ್ಸೆಸ್ಸೆಲ್ಸಿ ವರ್ಷದಲ್ಲಿ, ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮ ನಾಲ್ಕು ಮಂದಿಯನ್ನು ಕೂರಿಸಿ, ಇಂಗ್ಲಿಷಿನಲ್ಲಿ ಕಾಗದ ಬರೆಯಲು ಕಲಿಸಿದ ಮಾಸ್ತರರು ಒಬ್ಬರಿದ್ದರು. ಸಂಬಳಕ್ಕೆ ಸೇರಿದ ಕೆಲಸ ಅಲ್ಲ ಅದು. ಅವರ ಕಡೆಯ ಬಸ್ಸು ಆರೂಕಾಲಕ್ಕೆ. ಅದು ತಪ್ಪಿದ ದಿನ ನಾಲ್ಕು ಮೈಲು ನಡೆದು ಹೋಗುತ್ತಿದ್ದರು. ನನ್ನ ಬ್ಯಾಂಕಿನ ಅನ್ನಕ್ಕೆ ಆ ಸಂಜೆಗಳೇ ಕಾರಣ. ಆದರೂ ಕೆಲಸ ಸಿಕ್ಕಿದ ಮೇಲೆ ಎಲ್ಲಿ ಸಿಕ್ಕಿದರೂ ಕೈ ಮುಗಿದದ್ದು ಬಿಟ್ಟರೆ, ಇಂಥದ್ದಕ್ಕಾಗಿ ಎಂದು ಒಂದು ಮಾತು ನಾನು ಹೇಳಿರಲಿಲ್ಲ. ಅವರಿಗೆ ತೊಂಬತ್ತು ಹತ್ತಿರ ಎಂದು ಕೇಳಿದ್ದೆ. ಕನ್ನಡದಲ್ಲೇ ಬರೆದೆ. ಬಸ್ಸು ತಪ್ಪಿದ ವಿಚಾರವನ್ನು ಬರೆದೆ. ಚಿರಋಣಿ ಎಂಬ ಶಬ್ದ ಪೆನ್ನಿನ ತುದಿಗೆ ಬಂದಿತ್ತು, ಬರೆಯದೆ ಬಿಟ್ಟೆ. ಐದು ವಾಕ್ಯದಲ್ಲಿ ಮುಗಿಸಿ ಅಂಚೆಗೆ ಹಾಕಿದೆ.

ಒಂದು ವಾರದ ಮೇಲೆ ಅವರ ಮಗಳು ಫೋನ್ ಮಾಡಿದರು. ಕಣ್ಣು ಕಾಣದ ಕಾರಣ ಕಾಗದವನ್ನು ಅವರೇ ಓದಿ ಹೇಳಿದರಂತೆ. ಮಾಸ್ತರರು ಎರಡು ಸಲ ಓದಿಸಿದರಂತೆ. ಬಸ್ಸಿನ ಸಮಯ ಆರೂಕಾಲು ಅಲ್ಲ, ಆರು ಹತ್ತು ಎಂದು ನನಗೆ ತಿಳಿಸಲು ಹೇಳಿದರಂತೆ.

ನಿಮ್ಮ ಮನೆಯಲ್ಲೂ ಹೀಗೆ ಬರೆಯದೆ ಉಳಿದ ಒಂದು ಕಾಗದ ಇರಬಹುದು. ಇವತ್ತು ಸಂಜೆ ಬಿಡುವು ಮಾಡಿಕೊಂಡು ಬರೆಯಿರಿ. ಹೆಸರಿನ ಅಕ್ಷರ ಎರಡು ಸಲ ನೋಡಿಕೊಳ್ಳಿ.